ಸಂತೆಯಲ್ಲಿ ಬರುವ ನಿದ್ದೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ಈ ಗಾದೆಯನ್ನು ಒರೆಗೆ ಹಚ್ಚಬೇಕೆಂದರೆ ತುಮಕೂರಿನ ಬಟವಾಡಿಗೆ ಬರಬೇಕು. ಬೆಳಕು ಹರಿಯುವ ಮೊದಲೇ ಇಲ್ಲಿ ಬೆಂಗಳೂರು ಬಸ್ಸಿಗೆ ಕೈ ಅಡ್ಡ ಹಾಕುವವರು ಸೇರಿರುತ್ತಾರೆ. ಸೀಟು ಸಿಕ್ಕವರು ಟಿಕೆಟ್ ತೆಗೆದುಕೊಂಡು ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಕತ್ತು ವಾಲಿಸಿರುತ್ತಾರೆ. ಅತ್ತ ಎಪಿಎಂಸಿ ಯಾರ್ಡಿನಲ್ಲಿ ಲೋಡು ಇಳಿಸಿದ ಹಮಾಲರು ಮೂಟೆಗಳಿಗೆ ಒರಗಿದರೆ ಸಾಕು, ಲಾರಿಯ ಹಾರ್ನಿಗೂ ಎಚ್ಚರವಿಲ್ಲ. ನೋಡಿದವರು ‘ಪುಣ್ಯವಂತರಪ್ಪ’ ಎಂದುಕೊಳ್ಳುತ್ತಾರೆ.

ನಿದ್ದೆಯನ್ನು ಅಳೆಯುವ ವೈದ್ಯರ ಲೆಕ್ಕ ಬೇರೆ. ಅವರಲ್ಲಿ ಒಂದು ಪರೀಕ್ಷೆ ಇದೆ. ಹಗಲು ಹೊತ್ತಿನಲ್ಲಿ ಎರಡೆರಡು ಗಂಟೆಗೊಮ್ಮೆ ಕತ್ತಲ ಕೋಣೆಯಲ್ಲಿ ಮಲಗಿಸಿ, ನಿದ್ದೆ ಹತ್ತಲು ಎಷ್ಟು ನಿಮಿಷ ಹಿಡಿಯಿತೆಂದು ಮೆದುಳಿನ ತರಂಗಗಳಿಂದ ನೋಡುತ್ತಾರೆ. ಸಾಕಷ್ಟು ಮಲಗಿ ಎದ್ದವರಿಗೆ ಸಾಮಾನ್ಯವಾಗಿ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕು. ಸರಾಸರಿ ಐದು ನಿಮಿಷದೊಳಗೆ ನಿದ್ದೆ ಹೋದರೆ ಅದು ತೀವ್ರ ಮಂಪರು. ಕೂತಲ್ಲೇ ನಿದ್ದೆ ಬರುವುದು ವರವಲ್ಲ, ಹಳೆಯ ಬಾಕಿ. ಈ ಗಾದೆ ಕಟ್ಟಿದವರಿಗೆ ಬೆಂಗಳೂರಿನ ನೌಕರಿ ಇರಲಿಲ್ಲ, ಬಿಡಿ.

ಬಾಕಿ ಏರುವುದು ಹೀಗೆ. ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡಿಕೊಳ್ಳುತ್ತ ಹೋಗುತ್ತದೆ, ಮಲಗಿದಾಗ ಕರಗುತ್ತದೆ. ಇದರ ಜೊತೆಗೆ ಮೆದುಳಿನ ಬುಡದಲ್ಲೊಂದು ಗಡಿಯಾರವಿದೆ. ಬೆಳಕನ್ನು ನೋಡಿ ಅದು ಸಮಯ ಸರಿಮಾಡಿಕೊಳ್ಳುತ್ತದೆ. ಇಂಥ ದೇಹಗಡಿಯಾರಗಳು ಕೋಶದೊಳಗೆ ನಡೆಯುವ ಬಗೆಯನ್ನು ಬಿಡಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ನೊಬೆಲ್ ಬಂತು. ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಈ ಗಡಿಯಾರ ನಮ್ಮನ್ನು ಕೆಳಕ್ಕೆ ಎಳೆಯುತ್ತದೆ, ಮಧ್ಯಾಹ್ನ ಊಟದ ನಂತರ ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ. ಕಾಫಿ, ಟೀ ಕುಡಿದರೆ ಅಡಿನೋಸಿನ್ ಕೂರುವ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಅಡಿನೋಸಿನ್ ಎಲ್ಲಿಗೂ ಹೋಗಿರುವುದಿಲ್ಲ, ಅದರ ದನಿ ನಮಗೆ ಕೇಳಿಸುವುದಿಲ್ಲ ಅಷ್ಟೆ.

ಒಂದು ರಾತ್ರಿ ನಿದ್ದೆಗೆಟ್ಟರೆ ಹೆದರಬೇಕಾದ್ದಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡಿದರೆ ಹಾರ್ಮೋನಿಯಂ ನಿಲ್ಲುವುದು ಕೋಳಿ ಕೂಗಿದ ಮೇಲೆಯೇ. ಗುಬ್ಬಿ ವೀರಣ್ಣನವರ ಊರಿನ ಸುತ್ತಮುತ್ತ ನಾಟಕಕ್ಕೆ ನಿದ್ದೆ ಕೊಟ್ಟು ಕೆಟ್ಟವರಿಲ್ಲ. ಮರುದಿನ ಎಲ್ಲರೂ ಜಗಲಿಯ ಮೇಲೆ ಉರುಳುತ್ತಾರೆ, ರಾತ್ರಿ ಬೇಗ ಮಲಗುತ್ತಾರೆ, ತೀರಿತು. ಕೆಡುವುದು ದಿನಾ ಒಂದೊಂದು ಗಂಟೆ ಕತ್ತರಿಸಿದಾಗ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರನ್ನು 14 ರಾತ್ರಿ ಕಡಿಮೆ ಹೊತ್ತು ಮಲಗಿಸಿದರು, ಕೆಲವರಿಗೆ ಆರು ಗಂಟೆ, ಕೆಲವರಿಗೆ ನಾಲ್ಕು. ಕೊನೆಗೆ ಅವರ ಗಮನಶಕ್ತಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಿಮಗೆಷ್ಟು ನಿದ್ದೆ ಬರುತ್ತಿದೆ ಎಂದು ಕೇಳಿದರೆ, ಮೊದಲ ಕೆಲವು ದಿನಗಳ ನಂತರ ಅವರ ಉತ್ತರ ಹೆಚ್ಚು ಬದಲಾಗಲೇ ಇಲ್ಲ. ಕೆಲಸ ಕೆಡುತ್ತಲೇ ಇತ್ತು, ಕೆಡುತ್ತಿರುವುದು ಅವರಿಗೆ ತಿಳಿಯುತ್ತಿರಲಿಲ್ಲ. ‘ನಂಗೆ ಐದು ಗಂಟೆ ಸಾಕು, ರೂಢಿಯಾಗಿದೆ’ ಎನ್ನುವವರ ಮಾತನ್ನು ಈ ಕಾರಣಕ್ಕೇ ಪೂರ್ತಿ ನಂಬಬಾರದು.

ಹಾಗಾದರೆ ನಿದ್ದೆ ಕತ್ತರಿಸುವವರು ಯಾರು? ಎಲ್ಲರೂ ಮೊಬೈಲಿನತ್ತ ಬೆರಳು ತೋರುತ್ತಾರೆ. ಮೊಬೈಲಿನ ತಪ್ಪಿಲ್ಲ ಎನ್ನುತ್ತಿಲ್ಲ. ಆದರೆ ಗುಬ್ಬಿ ಕಡೆಯ ಅಡಕೆ ತೋಟದವರನ್ನು ಕೇಳಿ. ಅಲ್ಲಿ ರಾತ್ರಿಯನ್ನು ಮುರಿಯುವುದು ತ್ರೀಫೇಸ್ ಕರೆಂಟು. ಪಂಪ್‌ಸೆಟ್ಟಿನ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಿದ್ದ ಫೀಡರಿನವರು ಒಂದೋ ಎರಡೋ ಗಂಟೆಗೆ ಎದ್ದು ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು. ಹಾವಿನ ಭಯ, ಇತ್ತೀಚೆಗೆ ಚಿರತೆಯ ಭಯ. ಆಟೋ ಸ್ಟಾರ್ಟರ್ ಹಾಕಿಸಿಕೊಂಡವರ ಮೋಟರು ತಾನೇ ಓಡುತ್ತದೆ, ನಿಜ. ಆದರೆ ನೀರನ್ನು ಒಂದು ಪಟ್ಟೆಯಿಂದ ಇನ್ನೊಂದಕ್ಕೆ ತಿರುಗಿಸಲು ಆಳು ಬೇಕಲ್ಲ. ಬೇಸಿಗೆಯಲ್ಲಿ ಬೋರು ಸೊರಗಿದಾಗ ಮನೆಯವರ ನಿದ್ದೆಯೆಲ್ಲ ಆ ಕರೆಂಟಿನ ಹಿಂದೆಯೇ ಓಡುತ್ತದೆ. ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ, ಅದು ಕರೆಂಟು ಕೊಡುವುದು ಹಗಲಲ್ಲಿ. ಕೃಷಿ ಫೀಡರುಗಳನ್ನು ಸೌರಶಕ್ತಿಗೆ ತಂದು ಹಗಲಲ್ಲೇ ನೀರೆತ್ತಿಸುವ ಅವಕಾಶ ಕೇಂದ್ರದ ಕುಸುಮ್ ಯೋಜನೆಯಲ್ಲಿದೆ. ಅದನ್ನು ಇಂಧನದ ಯೋಜನೆ ಎಂದೇ ಎಲ್ಲರೂ ಬರೆಯುತ್ತಾರೆ. ನನ್ನ ಮಟ್ಟಿಗೆ ಅದು ಆರೋಗ್ಯದ ಯೋಜನೆಯೂ ಹೌದು.

ಬಟವಾಡಿಯ ಬಸ್ಸಿನವರ ಲೆಕ್ಕ ಇನ್ನೊಂದು ಬಗೆಯದು. ಬೆಂಗಳೂರು ಸುಮಾರು 70 ಕಿಲೋಮೀಟರ್. ಅಷ್ಟು ದೂರ ಹೋಗುವುದಕ್ಕಿಂತ ಗೊರಗುಂಟೆಪಾಳ್ಯ ದಾಟುವುದು ಕಷ್ಟ. ಐದೂವರೆಗೆ ಮನೆ ಬಿಟ್ಟವರು ರಾತ್ರಿ ಒಂಬತ್ತಕ್ಕೆ ಮರಳಿದರೆ, ಊಟ ಮುಗಿಸಿ ಮಕ್ಕಳ ಮುಖ ನೋಡುವಷ್ಟರಲ್ಲಿ ಹತ್ತೂವರೆ. ಆಮೇಲೆ ಮೊಬೈಲು ಹಿಡಿಯುವ ಒಂದು ಗಂಟೆ ಇದೆಯಲ್ಲ, ಇಡೀ ದಿನದಲ್ಲಿ ಅವರದು ಅಂತ ಇರುವುದು ಅದೊಂದೇ. ಅದನ್ನು ಬಿಡಿ ಎಂದು ಉಪದೇಶ ಮಾಡುವುದು ಸುಲಭ. ಹೆಂಗಸರಾದರೆ ಬೆಳಗಿನ ಡಬ್ಬಿಗಾಗಿ ಇನ್ನೂ ಒಂದು ಗಂಟೆ ಮೊದಲು ಏಳಬೇಕು. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಿಗೆ ಪಾಳಿಯ ಮೇಲೆ ಹೋಗುವವರದು ಮತ್ತೂ ಬೇರೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದವರನ್ನು ಬಿಸಿಲು, ಮಿಕ್ಸಿ, ಬಂದು ಹೋಗುವವರು ಬಿಡುವುದಿಲ್ಲ.

ಬೆಲೆ ತೆರುವುದು ಎಲ್ಲಕ್ಕಿಂತ ಮೊದಲು ಹೆದ್ದಾರಿಯಲ್ಲಿ. ಬಟವಾಡಿಯ ಮೇಲೆ ಪುಣೆ ರಸ್ತೆ, ಕುಣಿಗಲ್ ಮೇಲೆ ಮಂಗಳೂರು ರಸ್ತೆ, ಎರಡರಲ್ಲೂ ರಾತ್ರಿಯಿಡೀ ಲಾರಿ, ಬಸ್ಸು. ನಿದ್ದೆ ಬಾಕಿ ಇರುವ ಮೆದುಳು ಕೆಲವೇ ಸೆಕೆಂಡು ತಾನಾಗಿ ಆರಿಹೋಗುತ್ತದೆ, ಒಮ್ಮೊಮ್ಮೆ ಕಣ್ಣು ತೆರೆದಿದ್ದಾಗಲೂ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಎಂದರೆ ಸುಮಾರು 90 ಮೀಟರ್. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ನಿದ್ದೆಗೇಡನ್ನೂ ಕುಡಿತವನ್ನೂ ಒಂದೇ ಅಳತೆಗೆ ತಂದರು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರಷ್ಟು ಕೆಟ್ಟಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಬೆಳಗಿನ ನಾಲ್ಕಕ್ಕೆ ಎದ್ದ ಚಾಲಕ ರಾತ್ರಿ ಒಂಬತ್ತಕ್ಕೂ ಸ್ಟೇರಿಂಗ್ ಹಿಡಿದಿದ್ದರೆ, ಒಂದು ತೊಟ್ಟು ಮುಟ್ಟದೆಯೂ ಆ ಗೆರೆ ದಾಟಿರುತ್ತಾನೆ. ಕುಡಿದವನನ್ನು ಪೊಲೀಸರು ಊದಿಸಿ ಹಿಡಿಯಬಹುದು. ನಿದ್ದೆಗೆಟ್ಟವನನ್ನು ಹಿಡಿಯುವ ಅಂಥ ಯಂತ್ರವಿಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯನ್ನು ಬರೆದವರಿಗೆ ಇದು ಗೊತ್ತಿತ್ತೇನೋ. ದಿನಕ್ಕೆ ಎಂಟು ಗಂಟೆ ದುಡಿಮೆ, ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಸಾಮಾನ್ಯವಾಗಿ ಒಂಬತ್ತು ಗಂಟೆ ಬಿಡುವು ಎಂದು ಅದರಲ್ಲಿ ಬರೆದಿಟ್ಟಿದ್ದರು. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವ ಚಾಲಕನಿಗೆ ಆ ಒಂಬತ್ತು ಗಂಟೆ ಕಳೆದುಕೊಂಡ ದುಡ್ಡಿನ ಹಾಗೆ ಕಾಣುತ್ತದೆ.

ದೇಹ ತೆರುವ ಬೆಲೆ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಷಿಕಾಗೋದಲ್ಲಿ 11 ಮಂದಿ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವ ಅವರ ಶಕ್ತಿ ಎದ್ದು ಕಾಣುವಂತೆ ತಗ್ಗಿತು. 1999ರ ಆ ವರದಿಯ ನಂತರ ಸಕ್ಕರೆ ಕಾಯಿಲೆಯ ಮಾತು ಬಂದಲ್ಲೆಲ್ಲ ನಿದ್ದೆಯ ಮಾತೂ ಬರುತ್ತದೆ. ಬಿ.ಪಿ., ತೂಕ, ಸಿಡುಕು, ಮರೆವು ಇವೂ ಅದೇ ದಾರಿಯವು.

ಎಂಟು ಗಂಟೆ ಹಾಸಿಗೆಯಲ್ಲಿದ್ದೂ ಬಾಕಿ ತೀರದವರಿದ್ದಾರೆ. ಜೋರಾಗಿ ಗೊರಕೆ ಹೊಡೆದರೆ ‘ಎಂಥಾ ನಿದ್ದೆ’ ಎನ್ನುವುದು ನಮ್ಮ ರೂಢಿ. ಕೆಲವರಲ್ಲಿ ಆ ಗೊರಕೆ ತಟ್ಟನೆ ನಿಲ್ಲುತ್ತದೆ, ಹತ್ತಿಪ್ಪತ್ತು ಸೆಕೆಂಡು ಉಸಿರಿರುವುದಿಲ್ಲ, ಆಮೇಲೆ ಬೆಚ್ಚಿದಂತೆ ಎಳೆದುಕೊಳ್ಳುತ್ತಾರೆ. ಗಂಟಲ ದಾರಿ ಮುಚ್ಚಿಹೋಗಿ, ಉಸಿರಿಗಾಗಿ ಮೆದುಳು ಒಂದು ಚಣ ಎಚ್ಚರಗೊಳ್ಳುವ ಕಾಯಿಲೆ ಇದು, ಸ್ಲೀಪ್ ಆಪ್ನಿಯಾ. ರಾತ್ರಿಯಲ್ಲಿ ನೂರಾರು ಸಲ ಹೀಗಾದರೂ ಬೆಳಗ್ಗೆ ಎದ್ದವರಿಗೆ ಒಂದೂ ನೆನಪಿರುವುದಿಲ್ಲ. ಇದಕ್ಕೆ ರಾತ್ರಿ ಮಲಗಿಸಿ ಮಾಡುವ ಪರೀಕ್ಷೆ ಇದೆ, ಮೂಗಿಗೆ ಮಾಸ್ಕ್ ಹಾಕಿ ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಯಂತ್ರವೂ ಇದೆ. ಆದರೆ ಕಾಯಿಲೆ ಇರುವವರು ತಾವಾಗಿ ಆಸ್ಪತ್ರೆಗೆ ಹೋಗುವುದು ಅಪರೂಪ, ಅವರು ನಿದ್ದೆಯಲ್ಲಿರುತ್ತಾರಲ್ಲ. ಪಕ್ಕದಲ್ಲಿ ಮಲಗುವ ಹೆಂಡತಿಯೋ ಗಂಡನೋ ಉಸಿರು ನಿಂತದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಡಾಕ್ಟರಿಗೆ ತೋರಿಸಿದರೆ ಅರ್ಧ ಕೆಲಸ ಆದಂತೆ. ಮನೆಯವರು ಲಾರಿಯನ್ನೋ ಬಸ್ಸನ್ನೋ ಓಡಿಸುವವರಾಗಿದ್ದರೆ ಅದನ್ನು ಈ ವಾರವೇ ಮಾಡಬೇಕು.