ಬೇಸಿಗೆಯ ಆಟ: ಬಿಸಿಲಿಗೆ ಎರಡು ಗಡಿಯಾರ

ಹಳೇಬೀಡಿಗೆ ಬಂದ ಪ್ರವಾಸಿಗರಲ್ಲಿ ಕೆಲವರು ಸಮೀಪದ ಹುಲಿಕೆರೆಗೂ ಹೋಗಿಬರುತ್ತಾರೆ. ಅಲ್ಲಿ ಹೊಯ್ಸಳರ ಕಾಲದ ಒಂದು ಸುಂದರ ಕಲ್ಯಾಣಿ ಇದೆ. ಸುತ್ತಲೂ ಕಲ್ಲಿನ ಮೆಟ್ಟಿಲುಗಳು, ನಡುನಡುವೆ ಪುಟ್ಟ ಪುಟ್ಟ ಗುಡಿಗಳು, ಕೆಳಗೆ ನೀರು. ಬೇಸಿಗೆಯ ಬೆಳಗ್ಗೆ ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತರೆ ಹಿತವೆನಿಸುತ್ತದೆ. ಕಲ್ಲಿನ ಗೋಡೆ ನೆರಳು ಕೊಡುತ್ತದೆ, ನೀರು ಆವಿಯಾಗುತ್ತಾ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ.

ಆದರೆ ಏಪ್ರಿಲ್ 25ರ ಆಸುಪಾಸಿನಲ್ಲಿ, ಮಧ್ಯಾಹ್ನ 12 ಗಂಟೆ 24 ನಿಮಿಷದ ಹೊತ್ತಿಗೆ ಅಲ್ಲಿ ನಿಂತು ನೋಡಿ. ನೆಟ್ಟಗೆ ನಿಂತ ಗೋಡೆಗೆ ನೆರಳೇ ಇರುವುದಿಲ್ಲ. ನಿಮ್ಮ ನೆರಳೂ ಕಾಲಡಿಯಲ್ಲಿ ಅಡಗಿರುತ್ತದೆ. ಹುಲಿಕೆರೆ ಇರುವುದು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಉತ್ತರಕ್ಕೆ ಸರಿಯುತ್ತಾ ಆ ದಿನ ಸರಿಯಾಗಿ ಈ ಊರಿನ ನೆತ್ತಿಯ ಮೇಲೆ ಬರುತ್ತಾನೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಆಗಸ್ಟ್ ಮೂರನೆಯ ವಾರದಲ್ಲಿ ಇದು ಮತ್ತೊಮ್ಮೆ ಬರುತ್ತದೆ, ಆದರೆ ಆಗ ಮಳೆಗಾಲದ ಮೋಡ.

ಶಾಲೆಗಳಿಗೆ ಬೇಸಿಗೆ ರಜೆ ಇರುವುದೂ ಇದೇ ದಿನಗಳಲ್ಲಿ. ಬೆಳಗ್ಗೆ ಹತ್ತಕ್ಕೆ ವಿಕೆಟ್ ನೆಟ್ಟ ಹುಡುಗರು ಒಂದೂವರೆ ಆದರೂ ಮನೆಗೆ ಬರುವುದಿಲ್ಲ. 'ಗಾಳಿ ತಂಪಾಗೇ ಇದೆಯಲ್ಲಮ್ಮಾ' ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧವನ್ನು ತಿಳಿಯೋಣ.

ಎರಡು ಅಪಾಯ, ಎರಡು ಹೊತ್ತು

ಬಿಸಿಲಿನಿಂದ ನಮಗೆ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು ಶಾಖ, ಇನ್ನೊಂದು ಅತಿನೇರಳೆ ಕಿರಣ. ಶಾಖ ನಮ್ಮ ಅನುಭವಕ್ಕೆ ಬರುತ್ತದೆ. ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಬಿಸಿ ಎನಿಸುವುದೂ ಇಲ್ಲ.

ಇವೆರಡರ ಗಡಿಯಾರಗಳೂ ಬೇರೆ. ಅತಿನೇರಳೆ ಕಿರಣಗಳು ಅತಿ ಹೆಚ್ಚಾಗಿರುವುದು ಸೂರ್ಯ ಅತಿ ಎತ್ತರದಲ್ಲಿದ್ದಾಗ, ಅಂದರೆ ಹುಲಿಕೆರೆಯಲ್ಲಿ ಸುಮಾರು 12.24ಕ್ಕೆ. ಆಗ ಕಿರಣಗಳು ವಾಯುಮಂಡಲವನ್ನು ನೇರವಾಗಿ ದಾಟಿ ಬರುವುದರಿಂದ ಓಜೋನ್ ಪದರದಲ್ಲಿ ಸಾಗುವ ದಾರಿ ಕಡಿಮೆ. ಗಾಳಿಯ ತಾಪ ಗರಿಷ್ಠವಾಗುವುದು ಮಾತ್ರ ತಡವಾಗಿ, ಸಾಮಾನ್ಯವಾಗಿ 2ರಿಂದ 3.30ರ ನಡುವೆ. ಮೊದಲು ನೆಲ ಕಾಯಬೇಕು, ನೆಲದಿಂದ ಗಾಳಿ ಕಾಯಬೇಕು. ಹನ್ನೊಂದು ಗಂಟೆಗೆ ಗಾಳಿ ಹಿತವಾಗಿದ್ದರೂ ಅತಿನೇರಳೆ ಕಿರಣ ಆಗಲೇ ತೀವ್ರವಾಗಿರಲು ಇದೇ ಕಾರಣ.

ಎತ್ತರದ ಪ್ರಶ್ನೆಯೂ ಇದೆ. ಹಳೇಬೀಡಿನ ಸುತ್ತಲಿನ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದ್ದರಿಂದಲೇ ರಾಯಚೂರು, ಕಲಬುರಗಿಗಳಂತೆ ಇಲ್ಲಿ ತಾಪ 40 ಡಿಗ್ರಿ ದಾಟುವುದಿಲ್ಲ. ಆದರೆ ಪ್ರತಿ 1000 ಮೀಟರ್ ಎತ್ತರಕ್ಕೆ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಎತ್ತರ ನಮಗೆ ತಂಪು ಕೊಡುತ್ತದೆ, ಜೊತೆಗೆ ಕಿರಣಗಳನ್ನೂ ಹೆಚ್ಚಾಗಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅತಿನೇರಳೆ ಸೂಚ್ಯಂಕದಲ್ಲಿ 11 ಮತ್ತು ಅದಕ್ಕಿಂತ ಹೆಚ್ಚಿನದು ಕೊನೆಯ ಹಂತ. ದಕ್ಷಿಣ ಭಾರತದಲ್ಲಿ ಏಪ್ರಿಲ್ ತಿಂಗಳ ಶುಭ್ರ ಮಧ್ಯಾಹ್ನ ಇದು 11ನ್ನು ದಾಟುವುದು ಸಾಮಾನ್ಯ. ತೆಳು ಮೋಡ ಇದ್ದರೆ ಸಾಕು ಎಂದು ನಂಬಬೇಡಿ. ಅದರ ಮೂಲಕ ಶೇ. 90ಕ್ಕೂ ಹೆಚ್ಚು ಅತಿನೇರಳೆ ಕಿರಣ ಹಾದುಬರಬಲ್ಲದು.

ನೆರಳೇ ಮಾಪಕ

ಸೂಚ್ಯಂಕ ಅಳೆಯುವ ಉಪಕರಣ ನಿಮ್ಮಲ್ಲಿ ಇರಲಿಕ್ಕಿಲ್ಲ. ಬೇಕಾಗಿಯೂ ಇಲ್ಲ. ಒಂದು ಮೀಟರ್ ಉದ್ದದ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ. ಅದರ ನೆರಳು ಕೋಲಿಗಿಂತ ಉದ್ದವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ. ನೆರಳು ಕೋಲಿಗಿಂತ ಗಿಡ್ಡವಾಯಿತೆಂದರೆ ಅತಿನೇರಳೆ ಕಿರಣ ತೀವ್ರವಾಗಿದೆ ಎಂದು ತಿಳಿಯಿರಿ. ಕೋಲಿಲ್ಲದಿದ್ದರೆ ನಿಮ್ಮ ನೆರಳನ್ನೇ ನೋಡಿಕೊಳ್ಳಬಹುದು.

ಲೆಕ್ಕ ಹಾಕಿದರೆ ಏಪ್ರಿಲ್ ಕೊನೆಯಲ್ಲಿ ಹುಲಿಕೆರೆಯಲ್ಲಿ ಈ ಗಿಡ್ಡ ನೆರಳಿನ ಅವಧಿ ಬೆಳಗ್ಗೆ ಸುಮಾರು 9.20ರಿಂದ ಮಧ್ಯಾಹ್ನ 3.30ರವರೆಗೆ. ಆರು ಗಂಟೆಗೂ ಹೆಚ್ಚು! ಹುಡುಗರ ಕ್ರಿಕೆಟ್ ಇಡಿಯಾಗಿ ಈ ಅವಧಿಯೊಳಗೇ ಬೀಳುತ್ತದೆ ಎಂಬುದನ್ನು ಗಮನಿಸಿ.

ದೀರ್ಘಕಾಲ ಬಯಲಿನಲ್ಲಿ ಆಡುವ ಆಟಕ್ಕೆ ಗಾಲ್ಫ್ ಒಳ್ಳೆಯ ಉದಾಹರಣೆ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ, ಅಂದರೆ ಈ ಆಟ ನಮ್ಮ ನಾಡಿಗೆ ಹೊಸದಲ್ಲ. 18 ಕುಳಿಗಳ ಒಂದು ಪೂರ್ತಿ ಆಟಕ್ಕೆ ನಾಲ್ಕು ಗಂಟೆಗೂ ಹೆಚ್ಚು ಬೇಕು, ಏಳೆಂಟು ಕಿಲೋಮೀಟರ್ ನಡೆಯಬೇಕು. ಬೆಳಗ್ಗೆ 6.30ಕ್ಕೆ ಶುರುಮಾಡಿದವರು 10.30ರ ಹೊತ್ತಿಗೆ ಮುಗಿಸುತ್ತಾರೆ. ಅವರಿಗೆ ಸಿಗುವ ಗಿಡ್ಡ ನೆರಳಿನ ಬಿಸಿಲು ಒಂದು ಗಂಟೆಯ ಆಸುಪಾಸಿನದು. ಒಂಬತ್ತಕ್ಕೆ ಶುರುಮಾಡಿದವರಿಗೆ ಬಹುತೇಕ ಇಡೀ ಆಟವೇ ಅದರಲ್ಲಿ. ಎರಡೂವರೆ ಗಂಟೆ ಬೇಗ ಏಳುವುದರಿಂದ ಸಿಗುವ ರಕ್ಷಣೆಯನ್ನು ಯಾವ ಲೇಪವೂ ಕೊಡಲಾರದು. ಇನ್ನೊಂದು ಮಾತು. ಆಟಗಾರನಿಗೆ ಕೊಡೆ ಇರುತ್ತದೆ, ನಡುನಡುವೆ ನಿಲ್ಲುವ ಅವಕಾಶ ಇರುತ್ತದೆ. ಭಾರದ ಚೀಲ ಹೊತ್ತು ಅಷ್ಟೇ ದೂರ ನಡೆಯುವ ಕ್ಯಾಡಿಗೆ ಶಾಖದ ಹೊರೆ ಇನ್ನೂ ಹೆಚ್ಚು. ಕೊಡೆಯೂ ನೀರಿನ ಬಾಟಲಿಯೂ ಅವನಿಗೆ ಮೊದಲು ಬೇಕು.

ದೇಹದ ಲೆಕ್ಕ

ಇನ್ನು ಶಾಖದ ವಿಷಯಕ್ಕೆ ಬರೋಣ. ನಮ್ಮ ದೇಹದೊಳಗಿನ ತಾಪ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಸುಮ್ಮನೆ ಕುಳಿತಿದ್ದರೂ ದೇಹ ಸುಮಾರು 100 ವಾಟ್ ಶಾಖವನ್ನು ಉತ್ಪಾದಿಸುತ್ತದೆ. ಬಿರುಸಿನ ನಡಿಗೆ, ಆಟಗಳಲ್ಲಿ ಇದು 400 ವಾಟ್ ಅಥವಾ ಇನ್ನೂ ಹೆಚ್ಚು ಆಗುತ್ತದೆ. ಈ ಶಾಖ ಹೊರಗೆ ಹೋಗದಿದ್ದರೆ 60 ಕಿಲೋಗ್ರಾಂ ತೂಕದ ವ್ಯಕ್ತಿಯ ತಾಪ ಒಂದು ಡಿಗ್ರಿ ಏರಲು ಒಂಬತ್ತು ನಿಮಿಷ ಸಾಕು.

ಹೊರಗೆ ಹೋಗುವ ದಾರಿಗಳು ಯಾವುವು? ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಸ್ವಲ್ಪ ಶಾಖ ಗಾಳಿಗೆ ಹೋಗುತ್ತದೆ. ಚರ್ಮದ ತಾಪ ಸುಮಾರು 35 ಡಿಗ್ರಿ. ಗಾಳಿಯ ತಾಪವೂ ಅಷ್ಟೇ ಆದಾಗ ಈ ದಾರಿ ಮುಚ್ಚುತ್ತದೆ. ಆಗ ಉಳಿಯುವುದು ಬೆವರು ಒಂದೇ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. ಗಂಟೆಗೆ 400 ವಾಟ್ ಎಂದರೆ 1440 ಕಿಲೋಜೂಲ್. ಅಂದರೆ ಗಂಟೆಗೆ 600 ಮಿಲಿಲೀಟರ್ ಬೆವರು ಆವಿಯಾಗಲೇಬೇಕು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ.

'ಆವಿಯಾದರೆ' ಎಂಬ ಮಾತು ಮುಖ್ಯ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ದೇಹ ತಣಿಯುವುದಿಲ್ಲ, ನೀರು ಮಾತ್ರ ನಷ್ಟ. ಬೆವರು ಆವಿಯಾಗುವುದು ಗಾಳಿಯ ಆರ್ದ್ರತೆಯನ್ನು ಅವಲಂಬಿಸಿದೆ. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದಾಗ ಬರುವ ತಾಪಕ್ಕೆ ಒದ್ದೆ ಬುರುಡೆ ತಾಪ ಎನ್ನುತ್ತಾರೆ. ಗಾಳಿಯ ತಾಪ 33 ಡಿಗ್ರಿ ಎಂದಿಟ್ಟುಕೊಳ್ಳಿ. ಆರ್ದ್ರತೆ ಶೇ. 30 ಇದ್ದರೆ ಒದ್ದೆ ಬುರುಡೆ ತಾಪ ಸುಮಾರು 21 ಡಿಗ್ರಿ. ಆರ್ದ್ರತೆ ಶೇ. 70 ಇದ್ದರೆ ಅದು 28 ಡಿಗ್ರಿ. ಒಣ ಮಧ್ಯಾಹ್ನದಲ್ಲಿ ಹುಲಿಕೆರೆಯ ರೈತರು ತಲೆಗೆ ಒದ್ದೆ ಟವೆಲ್ ಹಾಕಿಕೊಂಡರೆ ಅದು ಚೆನ್ನಾಗಿ ತಣಿಸುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದೇ ಟವೆಲ್‌ನಿಂದ ಅಷ್ಟು ಪ್ರಯೋಜನವಿಲ್ಲ.

ಒದ್ದೆ ಬುರುಡೆ ತಾಪ 35 ಡಿಗ್ರಿ ಆದರೆ ಆರೋಗ್ಯವಂತನೂ ಬಹಳ ಹೊತ್ತು ಬದುಕಲಾರ ಎಂದು ಹಿಂದೆ ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳು, ಯುವಕರಲ್ಲೇ ಸುಮಾರು 31 ಡಿಗ್ರಿಗೆ ದೇಹದ ತಾಪ ಹತೋಟಿ ತಪ್ಪಿ ಏರತೊಡಗುತ್ತದೆ ಎಂದು ತೋರಿಸಿವೆ.

ಹವಾಮಾನ ವರದಿ ಹೇಳದ ಬಿಸಿಲು

ಪತ್ರಿಕೆಯಲ್ಲಿ ಬರುವ ತಾಪ ನೆರಳಿನ ತಾಪ. ಉಷ್ಣಮಾಪಕವನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ. ಬಯಲಿನಲ್ಲಿ ನಿಂತವರಿಗೆ ನೇರ ಬಿಸಿಲೂ ಬೀಳುತ್ತದೆ, ಕಾದ ನೆಲದ ಶಾಖವೂ ತಗಲುತ್ತದೆ. ಹಳೇಬೀಡಿನ ದೇವಾಲಯದ ಕಲ್ಲುಹಾಸಿನ ಮೇಲೆ ಮಧ್ಯಾಹ್ನ ಬರಿಗಾಲಿನಲ್ಲಿ ಓಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದಕ್ಕಾಗಿಯೇ 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿಗಾಗಿ ಒಂದು ಸೂತ್ರವನ್ನು ರೂಪಿಸಿದರು. ಒದ್ದೆ ಬುರುಡೆ ತಾಪದ ಹತ್ತರಲ್ಲಿ ಏಳು ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನ ತಾಪದ ಎರಡು ಪಾಲು, ಗಾಳಿಯ ತಾಪದ ಒಂದು ಪಾಲು ಕೂಡಿಸಬೇಕು. ಇವು ಕ್ರಮವಾಗಿ 22, 48, 33 ಡಿಗ್ರಿ ಎಂದುಕೊಂಡರೆ ಮೊತ್ತ 28.3. ಮರದ ನೆರಳಿಗೆ ಬಂದು ಗೋಳದ ತಾಪ 34ಕ್ಕೆ ಇಳಿದರೆ ಮೊತ್ತ 25.5. ಗಾಳಿಯ ತಾಪ ಒಂದಿಷ್ಟೂ ಬದಲಾಗಲಿಲ್ಲ, ಆದರೂ ದೇಹದ ಹೊರೆ ಇಳಿಯಿತು. ನೆರಳಿನ ಬೆಲೆ ಇಷ್ಟು.

ಬಯಲು ಸೀಮೆಯಲ್ಲಿ ಗರಿಷ್ಠ ತಾಪ 40 ಡಿಗ್ರಿಯನ್ನಾದರೂ ಮುಟ್ಟದಿದ್ದರೆ ಭಾರತ ಹವಾಮಾನ ಇಲಾಖೆ ಅದನ್ನು ಉಷ್ಣ ಅಲೆ ಎಂದು ಪರಿಗಣಿಸುವುದಿಲ್ಲ. ಹಾಗಾಗಿ ಹಾಸನದ ಕಡೆಗೆ ಇಂಥ ಎಚ್ಚರಿಕೆ ಬರುವುದು ಅಪರೂಪ. ಎಚ್ಚರಿಕೆ ಬರಲಿಲ್ಲವೆಂದು ಅಪಾಯವೂ ಇಲ್ಲವೆಂದಲ್ಲ. ಓಡಿ ಆಡುವವನ ದೇಹ ಒಳಗಿನಿಂದಲೇ ಕಾಯುತ್ತಿರುತ್ತದೆ.

ಏನು ಮಾಡಬೇಕು?

ಬಟ್ಟೆ: ಸಡಿಲವಾದ, ತುಂಬು ತೋಳಿನ, ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಒಳ್ಳೆಯದು. ಬೆಳಕಿಗೆ ಹಿಡಿದಾಗ ಆಚೆಯದು ಕಾಣುವಂಥ ತೆಳು ಬಟ್ಟೆ ಅತಿನೇರಳೆ ಕಿರಣವನ್ನೂ ಬಿಡುತ್ತದೆ, ಒದ್ದೆಯಾದಾಗ ಇನ್ನಷ್ಟು. ಕ್ರಿಕೆಟ್ ಟೋಪಿ ಹಣೆಯನ್ನು ಕಾಯುತ್ತದೆ, ಕಿವಿ ಮತ್ತು ಕತ್ತಿನ ಹಿಂಭಾಗವನ್ನು ಕಾಯುವುದಿಲ್ಲ. ಸುತ್ತಲೂ ಅಂಚಿರುವ ಟೋಪಿ ಬೇಕು.

ಲೇಪ: ಸನ್‌ಸ್ಕ್ರೀನ್ ಡಬ್ಬಿಯ ಮೇಲೆ ಎಸ್‌ಪಿಎಫ್ ಎಂಬ ಸಂಖ್ಯೆ ಇರುತ್ತದೆ. 30 ಎಂದಿದ್ದರೆ ಚರ್ಮ ಕೆಂಪಾಗಿಸುವ ಕಿರಣಗಳಲ್ಲಿ ಸುಮಾರು ಶೇ. 97ನ್ನು ತಡೆಯುತ್ತದೆ, 50 ಎಂದಿದ್ದರೆ ಶೇ. 98ನ್ನು. ವ್ಯತ್ಯಾಸ ಅಲ್ಪ. ಧಾರಾಳವಾಗಿ ಹಚ್ಚುವುದು, ಬೆವರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ಮುಖ್ಯ. ನಮ್ಮ ಚರ್ಮದ ಮೆಲನಿನ್ ಒಂದಿಷ್ಟು ರಕ್ಷಣೆ ಕೊಡುತ್ತದೆ. ಆದ್ದರಿಂದ ಬಿಳಿ ಚರ್ಮದವರಿಗಿಂತ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಆದರೆ ಕಣ್ಣಿಗೆ ಆ ರಕ್ಷಣೆ ಸಾಲದು. ವರ್ಷಗಟ್ಟಲೆ ಬಿದ್ದ ಅತಿನೇರಳೆ ಕಿರಣ ಕಣ್ಣಿನ ಪೊರೆಗೆ ಒಂದು ಕಾರಣ. ಶಾಖಕ್ಕಂತೂ ಚರ್ಮದ ಬಣ್ಣದ ಭೇದವಿಲ್ಲ.

ನೀರು: ಬಾಯಾರಿಕೆ ಆಗುವವರೆಗೆ ಕಾಯದೆ ಆಟದ ನಡುವೆ ಸ್ವಲ್ಪ ಸ್ವಲ್ಪ ಕುಡಿಯಿರಿ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ ಒಳ್ಳೆಯವು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಅದರ ಜೊತೆ ಉಪ್ಪಿರುವ ತಿಂಡಿ ಇರಲಿ. ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನೀಯವೂ ಆಗುತ್ತದೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಉಪ್ಪಿನ ಪ್ರಮಾಣ ನಿರ್ಧರಿಸಬೇಕು.

ರೂಢಿ: ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ದೇಹ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಇರುತ್ತದೆ. ರಜೆಯ ಮೊದಲ ದಿನವೇ ಇಡೀ ದಿನದ ಪಂದ್ಯ ಬೇಡ. ಜ್ವರದಿಂದ ಎದ್ದವರು ಮತ್ತೆ ಮೊದಲಿನಿಂದ ರೂಢಿಮಾಡಿಕೊಳ್ಳಬೇಕು.

ಸಿಡಿಲು: ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಗುಡುಗು ಸಹಿತ ಮಳೆ ಬರುವುದುಂಟು. ಬಿಸಿಲಿಗೆ ಆಸರೆ ಕೊಟ್ಟ ಒಂಟಿಮರವೇ ಸಿಡಿಲಿಗೆ ಗುರಿ. ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಿ.

ಬಿದ್ದರೆ?

ಸ್ನಾಯುಸೆಳೆತ, ತಲೆನೋವು, ವಾಕರಿಕೆ, ತಲೆಸುತ್ತು ಮೊದಲ ಸೂಚನೆಗಳು. ಆಟ ನಿಲ್ಲಿಸಿ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಉಪ್ಪಿನ ಪಾನೀಯ ಕೊಟ್ಟರೆ ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ. ಆದರೆ ಒಬ್ಬ ಹುಡುಗ ಅಸಂಬದ್ಧವಾಗಿ ಮಾತನಾಡತೊಡಗಿದರೆ, ತಡವರಿಸಿದರೆ, ಎಚ್ಚರ ತಪ್ಪಿದರೆ ಅದು ಶಾಖಾಘಾತ. ದೇಹದೊಳಗಿನ ತಾಪ 40 ಡಿಗ್ರಿ ದಾಟಿರುತ್ತದೆ, ಮೆದುಳಿಗೆ ಪೆಟ್ಟು ಬೀಳುತ್ತಿರುತ್ತದೆ. ಮೈ ಒಣಗಿರಲೇಬೇಕೆಂದಿಲ್ಲ. ಆಡುತ್ತಾ ಬಿದ್ದವರ ಮೈ ಬೆವರಿನಿಂದ ತೊಯ್ದಿರಬಹುದು.

ಒಬ್ಬರು 108ಕ್ಕೆ ಕರೆಮಾಡಿ. ಉಳಿದವರು ವಾಹನಕ್ಕೆ ಕಾಯದೆ ಆ ಕ್ಷಣದಿಂದಲೇ ತಣಿಸತೊಡಗಿ. ಕತ್ತಿನವರೆಗೆ ಮುಳುಗುವಂತೆ ತಣ್ಣೀರಿನ ತೊಟ್ಟಿಯಲ್ಲಿ ಕೂರಿಸಿ, ತಲೆ ನೀರಿನ ಮೇಲಿರುವಂತೆ ಒಬ್ಬರು ಹಿಡಿದುಕೊಂಡಿರುವುದು ಎಲ್ಲಕ್ಕಿಂತ ಉತ್ತಮ. ತೊಟ್ಟಿ ಇಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿಯುತ್ತಾ ಜೋರಾಗಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ದೇಹ ತಣಿಯಿತೇ ಇಲ್ಲವೇ ಎಂಬುದರ ಮೇಲೆ ಜೀವ ನಿಂತಿದೆ. ಆಸ್ಪತ್ರೆ ದೂರವಿರುವ ಊರಿನಲ್ಲಿ ಮೈದಾನದ ಪಕ್ಕದ ತೊಟ್ಟಿಯೇ ಮೊದಲ ಚಿಕಿತ್ಸಾಲಯ.

ಈ ಬೇಸಿಗೆಯಲ್ಲಿ ನಿಮ್ಮ ಊರಿನ ಆಟದ ಮೈದಾನದ ಅಂಚಿನಲ್ಲಿ ಒಂದು ಮೀಟರ್ ಕೋಲು ನೆಡಿ. ಅದರ ಬುಡದಿಂದ ಒಂದು ಮೀಟರ್ ದೂರಕ್ಕೆ ಸುತ್ತಲೂ ಸುಣ್ಣದ ವೃತ್ತ ಎಳೆಯಿರಿ. ಬೆಳಗಿನ ನೆರಳಿನ ತುದಿ ವೃತ್ತದೊಳಗೆ ಬಂದಾಗ ಆಟ ಮುಗಿಸಿ, ಸಂಜೆ ಅದು ವೃತ್ತದಾಚೆ ಹೋದಮೇಲೆ ಮತ್ತೆ ಶುರುಮಾಡಿ. ಗಾಳಿ ಇನ್ನೂ ಬಿಸಿಯೆನಿಸಿದರೆ ಇನ್ನೊಂದು ಗಂಟೆ ಕಾಯಿರಿ. ಪಂದ್ಯ ಏರ್ಪಡಿಸುವ ಹಿರಿಯರೂ ಶಿಕ್ಷಕರೂ ವೇಳಾಪಟ್ಟಿ ಬರೆಯುವ ಮುನ್ನ ಈ ಕೋಲನ್ನೊಮ್ಮೆ ನೋಡಲಿ. ಮಕ್ಕಳಿಗೆ ಇದರಿಂದ ಸೂರ್ಯನ ಚಲನೆಯ ಪಾಠವೂ ಆಗುತ್ತದೆ.