ಕಂದು ಬಣ್ಣಕ್ಕೆ ತಿರುಗಿದ ರೇಡಿಯೇಟರ್

1989ರ ಫೆಬ್ರವರಿಯಲ್ಲಿ ಮಜ್ದಾ ಕಂಪನಿ ಷಿಕಾಗೋದ ವಾಹನ ಪ್ರದರ್ಶನದಲ್ಲಿ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ಜನರ ಮುಂದಿಟ್ಟಿತು. ಅಮೆರಿಕದವರು ಅದನ್ನು ಮಿಯಾಟಾ ಎಂದು ಕರೆದರು. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, 1.6 ಲೀಟರಿನ ಎಂಜಿನ್. 1997ರವರೆಗೆ ತಯಾರಾದ ಆ ಮೊದಲ ಪೀಳಿಗೆಯ ಕಾರುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಅಂಥದೊಂದರ ಬಾನೆಟ್ ಎತ್ತಿದಾಗ, ಆ ಕಾರನ್ನು ಚೆನ್ನಾಗಿ ಬಲ್ಲವರು ಎಂಜಿನ್ನಿಗಿಂತ ಮೊದಲು ನೋಡುವುದು ರೇಡಿಯೇಟರಿನ ಮೇಲ್ತೊಟ್ಟಿಯ ಬಣ್ಣವನ್ನು. ಹೊಸದರಲ್ಲಿ ಅಚ್ಚ ಕಪ್ಪಾಗಿದ್ದ ಆ ಪ್ಲಾಸ್ಟಿಕ್ ತೊಟ್ಟಿ ಕಂದಾಗಿದ್ದರೆ, ಅಥವಾ ಪಾಚಿಗಟ್ಟಿದಂಥ ಹಸಿರುಗಂದಾಗಿದ್ದರೆ, ಒಂದು ಹನಿಯೂ ಸೋರದಿದ್ದರೂ ಬದಲಿಸಿಬಿಡಿ ಎನ್ನುತ್ತಾರೆ. ನೆಟ್ಟಗಿರುವ ಭಾಗವನ್ನು ಬಣ್ಣ ನೋಡಿ ಎಸೆಯುವುದು ದುಡ್ಡಿದ್ದವರ ಚಾಳಿಯಂತೆ ಕಾಣುತ್ತದೆ. ಆದರೆ ಅವರ ಮಾತು ಸರಿ ಎಂದೇ ನನ್ನ ವಾದ. ಸೋರುವ ರೇಡಿಯೇಟರನ್ನು ರಿಪೇರಿ ಮಾಡಿಸಬೇಕೋ ಬದಲಿಸಬೇಕೋ ಎಂಬುದನ್ನು ತೂತಿನ ಗಾತ್ರ ನೋಡಿ ತೀರ್ಮಾನಿಸಲಾಗದು. ರೇಡಿಯೇಟರ್ ಯಾವ ವಸ್ತುವಿನದು, ಆ ವಸ್ತು ಹೇಗೆ ಮುಪ್ಪಾಗುತ್ತದೆ ಎಂಬುದನ್ನು ನೋಡಬೇಕು.

ಮೊದಲು ರೇಡಿಯೇಟರಿನ ಪಾಡು ಎಂಥದೆಂದು ತಿಳಿಯೋಣ. ಎಂಜಿನ್ ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಮಾತ್ರ ಕಾರನ್ನು ಓಡಿಸಲು ಒದಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊರಹೋಗುತ್ತದೆ, ಮತ್ತೊಂದು ಪಾಲಿನ ಬಹುಭಾಗ ಕೂಲಂಟಿಗೆ ಇಳಿಯುತ್ತದೆ. ಈ ಕಾರನ್ನು ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡಿಸಿದರೆ, 2 ಕಿಲೋವ್ಯಾಟಿನ ಇಪ್ಪತ್ತಕ್ಕೂ ಹೆಚ್ಚು ಗೀಸರುಗಳನ್ನು ಒಟ್ಟಿಗೆ ಹಚ್ಚಿದಷ್ಟು ಶಾಖವನ್ನು ಕೇವಲ 6 ಲೀಟರ್ ದ್ರವ ಸುತ್ತಿಸುತ್ತಿ ಹೊತ್ತು ತಂದು ಗಾಳಿಗೆ ಒಪ್ಪಿಸಬೇಕು. ಅದು ಕುದಿಯದೆ ಈ ಕೆಲಸ ಮಾಡಬೇಕೆಂದೇ ಇಡೀ ವ್ಯವಸ್ಥೆಯನ್ನು ಮುಚ್ಚಿ ಒತ್ತಡದಲ್ಲಿ ಇಟ್ಟಿರುತ್ತಾರೆ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಕಡಲ ದಂಡೆಯಲ್ಲಿ 100ಕ್ಕೆ. ಅದೇ ನೀರಿನ ಮೇಲೆ ವಾತಾವರಣಕ್ಕಿಂತ 1 ಬಾರ್ ಹೆಚ್ಚು ಒತ್ತಡ ಹೇರಿದರೆ ಕುದಿಯಲು 120 ಡಿಗ್ರಿ ಬೇಕು. ಅರ್ಧಕ್ಕರ್ಧ ಗ್ಲೈಕಾಲ್ ಬೆರೆತಿದ್ದರೆ ಇನ್ನೂ ಹೆಚ್ಚು. ರೇಡಿಯೇಟರಿನ ಮುಚ್ಚಳದೊಳಗಿನ ಸ್ಪ್ರಿಂಗ್ ಇರುವುದು ಈ ಒತ್ತಡವನ್ನು ಕಾಯಲಿಕ್ಕೆ. ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಬೇಡಿ ಎನ್ನುವುದೂ ಇದಕ್ಕೇ. 120 ಡಿಗ್ರಿಯ ಒಂದು ಲೀಟರ್ ನೀರಿನ ಒತ್ತಡ ಥಟ್ಟನೆ ಇಳಿದರೆ ಅದರಲ್ಲಿ ಸುಮಾರು 37 ಗ್ರಾಂ ಆ ಕ್ಷಣವೇ ಆವಿಯಾಗುತ್ತದೆ. ತೂಕದಲ್ಲಿ ಅಲ್ಪವೇ ಸರಿ, ಆದರೆ ಅಷ್ಟು ಆವಿ 60 ಲೀಟರಿನಷ್ಟು ಜಾಗ ಕೇಳುತ್ತದೆ, ಉಳಿದ ಕುದಿನೀರನ್ನೂ ಜೊತೆಗೆ ಮುಖಕ್ಕೆ ಎರಚುತ್ತದೆ.

ಹಾಗಾಗಿ ಸೋರಿಕೆ ಎಂದರೆ ನೆಲದ ಮೇಲಿನ ಹಸಿರು ಹನಿ ಎಂದಷ್ಟೇ ಭಾವಿಸಿದರೆ ಅಪಾಯದ ಅರ್ಧ ಮಾತ್ರ ಕಂಡಂತೆ. ನಾಲ್ಕು ಹನಿ ಹೋದರೆ ನಾಲ್ಕು ಹನಿ ಸುರಿಯಬಹುದು. ಹೋದ ಒತ್ತಡವನ್ನು ಸುರಿಯಲಾಗದು. ಒತ್ತಡ ಕುಸಿದಾಗ ಕುದಿಯುವ ಮಟ್ಟವೂ ಕುಸಿಯುತ್ತದೆ. ಸಿಲಿಂಡರ್ ಹೆಡ್ಡಿನಲ್ಲಿ ಹೊಗೆ ಹೊರಹೋಗುವ ವಾಲ್ವುಗಳ ಸುತ್ತ ಲೋಹ ಅತಿ ಬಿಸಿಯಾಗಿರುವ ಕಡೆ ಮೊದಲು ಆವಿಯ ಪದರ ಕಟ್ಟುತ್ತದೆ, ಆ ಪದರ ದ್ರವವನ್ನು ಲೋಹಕ್ಕೆ ತಾಗಗೊಡುವುದಿಲ್ಲ. ಈ ಕಾರಿನ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಮಿತಿಮೀರಿ ಕಾದ ಹೆಡ್ ಬಾಗಿದರೆ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ, ಎಂಜಿನ್ ಬಿಚ್ಚಿ ಹೆಡ್ ಎತ್ತಿಸುವ ಕೆಲಸ ಬೀಳುತ್ತದೆ. ಡ್ಯಾಷ್‌ಬೋರ್ಡಿನ ಮುಳ್ಳು ಮುಂಚೆಯೇ ಎಚ್ಚರಿಸುತ್ತದೆ ಎಂಬ ಭರವಸೆಯೂ ಬೇಡ. ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರ್ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ನಿಜ ಹೇಳುತ್ತದೆ. ನೀರೇ ಖಾಲಿಯಾಗಿ ಅದು ಗಾಳಿಯಲ್ಲಿ ನಿಂತರೆ, ಎಂಜಿನ್ ಬೇಯುತ್ತಿರುವಾಗಲೇ ಮುಳ್ಳು ತಣ್ಣಗೆ ಕೆಳಗಿಳಿಯಬಹುದು.

ಇಷ್ಟು ಗಂಭೀರವಾದ ಸಂಗತಿಯನ್ನು ಜನ ಹಗುರವಾಗಿ ನೋಡುವುದಕ್ಕೆ ಒಂದು ಇತಿಹಾಸವಿದೆ. ವಿಲ್‌ಹೆಲ್ಮ್ ಮೇಬಾಖ್ 1900-01ರ ಮೊದಲ ಮರ್ಸಿಡಿಸ್ ಕಾರಿಗೆ ಮಾಡಿದ ಜೇನುಗೂಡಿನ ರೇಡಿಯೇಟರಿನಲ್ಲಿ 6 ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳಿದ್ದವು, ಅವನ್ನು ಒಂದಕ್ಕೊಂದು ಬೆಸೆದಿದ್ದರು. ಅಲ್ಲಿಂದ ಮುಂದೆ ಬಹುಕಾಲ ರೇಡಿಯೇಟರ್ ಎಂದರೆ ತಾಮ್ರ, ಹಿತ್ತಾಳೆ ಮತ್ತು ತವರ-ಸೀಸದ ಬೆಸುಗೆ. 1962ರಿಂದ 1980ರವರೆಗೆ ಬಂದ ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನದೂ ಅಂಥದೇ, ನಮ್ಮ ಅಂಬಾಸಡರ್ ಕಾರಿನದೂ ಅಂಥದೇ. ಈ ಬಗೆಯ ರೇಡಿಯೇಟರ್ ಸೋರಿದರೆ ತೊಟ್ಟಿಯ ಬೆಸುಗೆಯನ್ನು ಕಾಯಿಸಿ ಬಿಡಿಸಬಹುದು, ಕೊಳವೆಗಳೊಳಗೆ ತೆಳು ಕಂಬಿ ತೂರಿಸಿ ಗಸಿ ಕೆರೆಯಬಹುದು, ಮತ್ತೆ ಬೆಸುಗೆ ಹಾಕಬಹುದು. ತೀರಾ ಕೆಟ್ಟ ಒಂದು ಕೊಳವೆಯನ್ನು ಎರಡೂ ತುದಿಯಲ್ಲಿ ಮುಚ್ಚಿದರೂ ಉಳಿದವು ಕೆಲಸ ಮಾಡುತ್ತವೆ. ಇಲ್ಲಿ ರಿಪೇರಿ ಎಂದರೆ ತೇಪೆಯಲ್ಲ, ಮೊದಲು ಕಟ್ಟಿದ ವಿಧಾನವನ್ನೇ ಇನ್ನೊಮ್ಮೆ ನಡೆಸುವುದು. ಹಿತ್ತಾಳೆಯ ತೊಟ್ಟಿ ಮೂವತ್ತು ವರ್ಷದ ಮೇಲೂ ಹಿತ್ತಾಳೆಯಾಗಿಯೇ ಇರುತ್ತದೆ. ಸೋತದ್ದು ಬೆಸುಗೆ ಮಾತ್ರ. ‘ರೇಡಿಯೇಟರ್ ಸೋರಿದರೆ ಬೆಸುಗೆ ಹಾಕಿಸು’ ಎಂಬ ರೂಢಿ ಹುಟ್ಟಿದ್ದು ಆ ಲೋಹದಿಂದ. ಲೋಹ ಬದಲಾಯಿತು, ರೂಢಿ ಉಳಿದುಕೊಂಡಿತು.

ಶಾಖವನ್ನು ಸಾಗಿಸುವುದರಲ್ಲಿ ತಾಮ್ರಕ್ಕೆ ಅಲ್ಯೂಮಿನಿಯಂ ಸಾಟಿಯಲ್ಲ ಎಂದು ಇಲ್ಲೊಂದು ತಕರಾರು ಬರುತ್ತದೆ. ಅಂಕಿ ನೋಡಿದರೆ ಹೌದು: ತಾಮ್ರದ್ದು 400ರ ಆಸುಪಾಸು, ಅಲ್ಯೂಮಿನಿಯಮ್ಮಿನದು 240ರ ಆಸುಪಾಸು. ಆದರೆ ರೇಡಿಯೇಟರಿನಲ್ಲಿ ಶಾಖ ತಡವರಿಸುವುದು ಲೋಹದೊಳಗಲ್ಲ, ಲೋಹದಿಂದ ಗಾಳಿಗೆ ದಾಟುವಾಗ. ಕಾಗದದಷ್ಟು ತೆಳುವಾದ ರೆಕ್ಕೆಗಳಲ್ಲಿ ಈ ಎರಡು ಲೋಹಗಳ ನಡುವಿನ ಅಂತರ ಹೆಚ್ಚೇನೂ ಲೆಕ್ಕಕ್ಕೆ ಬರದು. ಅಲ್ಲದೆ ತಾಮ್ರದ ಕೊಳವೆಗೂ ರೆಕ್ಕೆಗೂ ನಡುವೆ ಇರುವ ಬೆಸುಗೆಯ ಅಂಕಿ ಬರೀ 50ರಷ್ಟು, ಅದು ಹಳತಾಗಿ ಕಿತ್ತರೆ ರೆಕ್ಕೆ ಇದ್ದೂ ಇಲ್ಲದಂತೆ. ಅಲ್ಯೂಮಿನಿಯಮ್ಮಿನ ಕೋರನ್ನಾದರೋ, ಅಂದರೆ ಕೊಳವೆ-ರೆಕ್ಕೆಗಳ ಗೂಡನ್ನು, 600 ಡಿಗ್ರಿಯ ಹತ್ತಿರ ಕಾದ ಕುಲುಮೆಯಲ್ಲಿಟ್ಟು ಒಂದೇ ಸಲಕ್ಕೆ ಕೂಡಿಸುತ್ತಾರೆ. ತೂಕ ತಾಮ್ರದ ಮೂರನೇ ಒಂದಕ್ಕಿಂತ ಕಡಿಮೆ. ಸ್ಪೋರ್ಟ್ಸ್ ಕಾರಿನ ಮೂತಿಯಲ್ಲಿ ಒಂದೊಂದು ಕಿಲೋವನ್ನೂ ಎಣಿಸುವ ಎಂಜಿನಿಯರುಗಳು ಇದನ್ನು ಬಿಡುವುದುಂಟೇ? ಅಲ್ಯೂಮಿನಿಯಂ ಕೋರಿಗೆ ಮೇಲೂ ಕೆಳಗೂ ಪ್ಲಾಸ್ಟಿಕ್ ತೊಟ್ಟಿ, ನಡುವೆ ರಬ್ಬರಿನ ಗ್ಯಾಸ್ಕೆಟ್, ಅಂಚಿನ ಲೋಹದ ಹಲ್ಲುಗಳನ್ನು ಮಡಚಿ ಬಿಗಿ. ಎಂಎಕ್ಸ್-5ಕ್ಕೆ ಬಂದದ್ದು ಈ ಜೋಡಣೆ.

ಆ ಪ್ಲಾಸ್ಟಿಕ್ ಗಾಜಿನ ನಾರು ಬೆರೆಸಿದ ನೈಲಾನ್. ಗಟ್ಟಿ, ಅಗ್ಗ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದಾದದ್ದು. ಆದರೆ ನೈಲಾನಿನ ಉದ್ದುದ್ದ ಅಣುಸರಪಳಿಗಳಲ್ಲಿ ಕೊಂಡಿಯಾಗಿರುವ ಅಮೈಡ್ ಬಂಧಕ್ಕೆ ಬಿಸಿನೀರೇ ವೈರಿ. ಬಿಸಿ ನೀರೂ ಗ್ಲೈಕಾಲೂ ಆ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋಗುತ್ತವೆ, ಉದ್ದ ಸರಪಳಿ ತುಂಡುತುಂಡಾಗುತ್ತದೆ, ತುಸು ಬಾಗಿ ತಾಳಿಕೊಳ್ಳುತ್ತಿದ್ದ ವಸ್ತು ಬಾಗದೆ ಸಿಡಿಯುವಂಥದಾಗುತ್ತದೆ. ಇಂಥ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಸುಮಾರು ಇಮ್ಮಡಿಯಾಗುವುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ಎಂಜಿನ್ನಿನಿಂದ ನೇರ ಬಂದ ಬಿಸಿ ದ್ರವ ಮೊದಲು ತುಂಬುವುದು ಮೇಲ್ತೊಟ್ಟಿಗೆ, ಕೆಳತೊಟ್ಟಿಗೆ ಬರುವಷ್ಟರಲ್ಲಿ ಅದು ತಣಿದಿರುತ್ತದೆ. ಹಾಗಾಗಿ ಮೊದಲು ಬಿರಿಯುವುದೂ ಮೇಲಿನದೇ. ಹೊರಗೆ ಕಾಣುವ ಕಂದು, ಮೇಲ್ಮೈ ಗಾಳಿಯ ಆಮ್ಲಜನಕಕ್ಕೆ ಬೆಂದದ್ದರ ಗುರುತು. ಒಳಗೆ ನೀರು ಮಾಡಿದ ಹಾನಿ ಅದಲ್ಲ ನಿಜ, ಆದರೆ ಎರಡನ್ನೂ ನಡೆಸುವುದು ಶಾಖ ಮತ್ತು ಕಾಲ, ಆದ್ದರಿಂದ ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಹುದು. ಇತ್ತ ಗ್ಯಾಸ್ಕೆಟ್ ವರ್ಷಗಟ್ಟಲೆ ಅದುಮಿಸಿಕೊಂಡು ಪುಟಿಯುವ ಗುಣ ಕಳೆದುಕೊಂಡಿರುತ್ತದೆ. ಪ್ಲಾಸ್ಟಿಕ್ ಮತ್ತು ಲೋಹ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾಗಿ, ಬಿಸಿಯಿದ್ದಾಗ ಬಿಗಿಯಾಗಿರುವ ಸಂದು ರಾತ್ರಿ ತಣಿದಾಗ ಜಿನುಗುವುದುಂಟು. ಬೆಳಿಗ್ಗೆ ನೆಲ ಒದ್ದೆ, ಗ್ಯಾರೇಜಿಗೆ ಹೋಗುವಷ್ಟರಲ್ಲಿ ಎಲ್ಲ ಒಣಗಿರುತ್ತದೆ.

ಇಂಥ ತೊಟ್ಟಿಯಲ್ಲಿ ಒಂದು ಬಿರುಕು ಕಂಡಿತೆಂದರೆ ಏನರ್ಥ? ಉಳಿದ ತೊಟ್ಟಿಯೂ ಅದೇ ನೀರಿನಲ್ಲಿ, ಅದೇ ಶಾಖದಲ್ಲಿ, ಅಷ್ಟೇ ವರ್ಷ ಬೆಂದಿದೆ. ಬಿರುಕು ಬಿಟ್ಟದ್ದು ಅದರಲ್ಲಿ ಹೆಚ್ಚು ಸೆಳೆತವಿದ್ದ ಜಾಗ, ಅಷ್ಟೆ. ಅಲ್ಲಿ ಎಂ-ಸೀಲ್ ಮೆತ್ತಿದರೆ, ಗ್ಲೈಕಾಲ್ ಹೀರಿದ ನೈಲಾನಿಗೆ ಅದು ಗಟ್ಟಿಯಾಗಿ ಅಂಟುವುದೇ ಅನುಮಾನ, ಅಂಟಿದರೂ ಬಿರುಕು ಪಕ್ಕದಲ್ಲಿ ಬಾಯಿ ಬಿಡುತ್ತದೆ. ಕರಗಿಸಿ ಕೂಡಿಸೋಣವೆಂದರೆ, ತುಂಡಾದ ಅಣುಸರಪಳಿಗಳನ್ನು ಕರಗಿಸಿದ ಮಾತ್ರಕ್ಕೆ ಅವು ಮತ್ತೆ ಉದ್ದವಾಗುವುದಿಲ್ಲ. ಕೂಲಂಟಿಗೆ ಸುರಿಯುವ ಸೋರಿಕೆ-ತಡೆ ದ್ರವಗಳ ಕಥೆ ಬೇರೆ. ಸೋಡಿಯಂ ಸಿಲಿಕೇಟೋ ಸಣ್ಣ ನಾರು-ಕಣಗಳೋ ಇರುವ ಇವು ಲೋಹದ ಕೊಳವೆಯ ಸೂಜಿತೂತನ್ನು ಮುಚ್ಚಬಲ್ಲವು. ಊರು ಮುಟ್ಟುವವರೆಗೆ ಅದು ಸಾಕು ಎನ್ನುವವರೊಂದಿಗೆ ನನ್ನ ಜಗಳವಿಲ್ಲ. ಆದರೆ ಒತ್ತಡ ಏರಿಳಿದಂತೆ ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಬಿರುಕಿನಲ್ಲಿ ಅವು ನಿಲ್ಲುವುದಿಲ್ಲ. ಹೀಟರಿನ ಕಿರಿದಾದ ಕೊಳವೆಗಳಲ್ಲಿ ಮಾತ್ರ ಚೆನ್ನಾಗಿ ನಿಲ್ಲುತ್ತವೆ.

ಕಂದು ತೊಟ್ಟಿಯೂ ವರ್ಷಗಟ್ಟಲೆ ಸೋರದೆ ಇರಬಹುದಲ್ಲ, ಎಂಬ ಆಕ್ಷೇಪಕ್ಕೆ ತೂಕವಿದೆ. ಇರಬಹುದು. ಬಣ್ಣ ದಿನಾಂಕ ಹೇಳುವುದಿಲ್ಲ. ಹಾಗೆಯೇ, ನೆಲ ಒದ್ದೆಯಾದ ಮಾತ್ರಕ್ಕೆ ತಪ್ಪು ರೇಡಿಯೇಟರಿನದೇ ಎಂದೂ ಅಲ್ಲ. ವಾಟರ್ ಪಂಪಿನ ಸೀಲು, ಹೀಟರಿನ ಹೋಸು, ಸಡಿಲಗೊಂಡ ಕ್ಲಿಪ್ಪು ಯಾವುದೂ ಆಗಬಹುದು. ತಣ್ಣಗಿರುವ ಎಂಜಿನ್ನಿಗೆ ಮುಚ್ಚಳದ ಜಾಗದಲ್ಲಿ ಕೈಪಂಪು ಜೋಡಿಸಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ತುಂಬಿ, ಮುಳ್ಳು ಇಳಿಯುತ್ತದೆಯೇ, ಎಲ್ಲಿ ಜಿನುಗುತ್ತದೆ ಎಂದು ನೋಡದೆ ಹೊಸ ಭಾಗ ಕೊಳ್ಳುವುದು ಅವಿವೇಕ. ಎಲ್ಲೂ ಜಿನುಗದೆ ಒತ್ತಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನೇ ಸಂಶಯಿಸಬೇಕಾಗುತ್ತದೆ. ಆದರೆ ತೊಟ್ಟಿ ಮೂಲದ್ದೇ ಆಗಿದ್ದು ಕಂದಿದ್ದರೆ ಲೆಕ್ಕ ಸರಳ: ಒಂದು ಕಡೆ ಸುಲಭವಾಗಿ ಸಿಗುವ ಒಂದು ರೇಡಿಯೇಟರಿನ ಬೆಲೆ, ಇನ್ನೊಂದು ಕಡೆ ಹೆದ್ದಾರಿಯಲ್ಲಿ ಬಾಗಿದ ಹೆಡ್. ಯಾವಾಗ ಒಡೆಯುತ್ತದೆಂದು ಗೊತ್ತಿಲ್ಲದಿರುವುದು ಕಾಯಲಿಕ್ಕೆ ಕಾರಣವಾಗದು.

ಬದಲಿಸುವುದಾದರೆ ಪೂರ್ತಿ ಅಲ್ಯೂಮಿನಿಯಮ್ಮಿನದನ್ನೇ, ಅದೂ ದಪ್ಪ ಕೋರಿನದನ್ನು ಹಾಕಿಸಬಾರದೇಕೆ ಎಂದು ಕೇಳುವವರಿದ್ದಾರೆ. ರೇಸ್ ಟ್ರ್ಯಾಕಿಗೆ ಹೋಗುವ ಕಾರಿಗೆ ಸರಿ. ಬೀದಿಯ ಕಾರಿಗೆ ಅದರಿಂದ ಆಗುವ ಲಾಭ ಜಾಹೀರಾತು ಹೇಳುವಷ್ಟಿಲ್ಲ. ಕೋರಿನ ಹಿಂಭಾಗಕ್ಕೆ ತಲುಪುವ ಗಾಳಿ ಮುಂಭಾಗದಲ್ಲೇ ಬಿಸಿಯಾಗಿರುತ್ತದೆ, ದಪ್ಪ ಹೆಚ್ಚಿದಷ್ಟೂ ಗಾಳಿ ನುಗ್ಗುವುದೂ ಕಷ್ಟ. ಎಂಎಕ್ಸ್-5ರಲ್ಲಿ ಮೂತಿಯ ಅಡಿಯ ಪ್ಲಾಸ್ಟಿಕ್ ಹಲಗೆ ಕಳೆದುಹೋಗಿದ್ದರೆ ಗಾಳಿ ರೇಡಿಯೇಟರನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಆ ಹಲಗೆಯನ್ನು ಮತ್ತೆ ಕೂರಿಸುವುದು ಎಷ್ಟೋ ಸಲ ದಪ್ಪ ಕೋರಿಗಿಂತ ಹೆಚ್ಚಿನ ಉಪಕಾರ. ಮೂಲದಂಥದೇ ಪ್ಲಾಸ್ಟಿಕ್ ತೊಟ್ಟಿಯ ಹೊಸ ರೇಡಿಯೇಟರ್ ಹಾಕಿದರೆ ಅದೂ ಮುಂದೊಂದು ದಿನ ಕಂದುತ್ತದೆ. ಕಂದಲಿ, ಅದಕ್ಕೆ ಬಹಳ ವರ್ಷ ಬೇಕು.

ಹೊಸ ರೇಡಿಯೇಟರ್ ಹಾಕಿದರೆ ಹಳೆಯ ಹೋಸುಗಳು ಒಡೆಯುತ್ತವೆ ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಒತ್ತಡವನ್ನು ತೀರ್ಮಾನಿಸುವುದು ಮುಚ್ಚಳವೇ ಹೊರತು ರೇಡಿಯೇಟರಲ್ಲ. ಆದರೆ ಸೋರುತ್ತಿದ್ದ ವ್ಯವಸ್ಥೆಯಲ್ಲಿ ಒತ್ತಡ ಪೂರ್ತಿ ಏರಿರಲೇ ಇಲ್ಲ. ಸೋರಿಕೆ ನಿಂತ ಮೇಲೆ ಹಳೆಯ ರಬ್ಬರು ಬಹುಕಾಲದ ನಂತರ ಮೊದಲ ಸಲ ಅದನ್ನು ಪೂರ್ತಿ ಹೊರಬೇಕಾಗುತ್ತದೆ. ಇದರಿಂದ ಹೊರಡುವ ಬುದ್ಧಿಮಾತು ಹಳೆಯ ರೇಡಿಯೇಟರ್ ಉಳಿಸಿ ಎಂಬುದಲ್ಲ, ಮೇಲಿನ ಕೆಳಗಿನ ಹೋಸುಗಳನ್ನೂ ಮುಚ್ಚಳವನ್ನೂ ಥರ್ಮೋಸ್ಟಾಟನ್ನೂ ಜೊತೆಗೇ ಬದಲಿಸಿ ಎಂಬುದು. ಕೂಲಂಟಿಗೆ ಬೆರೆಸಲು ಬೋರ್‌ವೆಲ್ ನೀರು ಬೇಡ: ಅದರ ಕ್ಲೋರೈಡ್ ಅಲ್ಯೂಮಿನಿಯಮ್ಮನ್ನು ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ, ಗಡಸುತನ ಕೊಳವೆಯೊಳಗೆ ಗಸಿಯಾಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ, ಕಾರಿನ ಮೂತಿಯನ್ನು ಜಾಕಿನಿಂದ ಎತ್ತಿ, ಮುಚ್ಚಳದ ಬಾಯಿಯೇ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಎಂಜಿನ್ ಹಚ್ಚಿ, ಗುಳ್ಳೆ ನಿಲ್ಲುವವರೆಗೆ ಗಾಳಿ ಬಿಡಿಸಬೇಕು. ಒಳಗೆ ಗಾಳಿ ಉಳಿದರೆ ಹೊಸ ರೇಡಿಯೇಟರೂ ಹೆಡ್ಡನ್ನು ಕಾಪಾಡಲಾರದು.

ಹೊಸ ರೇಡಿಯೇಟರೇ ಸಿಗದ ಅಪರೂಪದ ಕಾರುಗಳ ಪಾಡೇನು ಎಂಬ ಪ್ರಶ್ನೆ ಉಳಿಯುತ್ತದೆ. ಅಲ್ಲೂ ವಸ್ತುವಿನ ಲೆಕ್ಕವೇ ನಡೆಯುತ್ತದೆ. ಕೋರ್ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಂಡು, ಹೊಸ ಗ್ಯಾಸ್ಕೆಟ್ ಇಟ್ಟು, ಹೊಸ ತೊಟ್ಟಿ ಕೂರಿಸಿ ಹಲ್ಲುಗಳನ್ನು ಮತ್ತೆ ಮಡಚಬಹುದು. ಅಲ್ಯೂಮಿನಿಯಮ್ಮಿನ ಹಲ್ಲು ಬಹಳ ಸಲ ಮಡಚಿದರೆ ಮುರಿಯುತ್ತದಾದ್ದರಿಂದ ಇದು ಒಂದು ಸಲದ ಅವಕಾಶ. ತೊಟ್ಟಿಯೂ ಸಿಗದಿದ್ದರೆ, ನುರಿತವರಿಂದ ಅಲ್ಯೂಮಿನಿಯಂ ತೊಟ್ಟಿ ಮಾಡಿಸಿ ಕೋರಿಗೆ ವೆಲ್ಡ್ ಮಾಡಿಸುವುದುಂಟು. ಖರ್ಚು ಹೆಚ್ಚು, ನೋಟ ಮೂಲದಂತಿರದು. ಮೂಲರೂಪವೇ ಮುಖ್ಯ ಎನ್ನುವ ಸಂಗ್ರಾಹಕರು ಕಂದಿದ ಹಳೆಯ ತೊಟ್ಟಿಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳಬಹುದು, ಕಾರಿನಲ್ಲಿ ಬೇಡ.