ಬಸುರಿ ಬಾಣಂತಿಯರ ದೇಹಶ್ರಮ: ತೋಟದ ಮನೆಯವರು ತಿಳಿದಿರಬೇಕಾದ ವಿಚಾರ



ಕೊಳೆರೋಗ, ಗೊಬ್ಬರ, ಧಾರಣೆಗಳ ವಿಚಾರ ಬರೆಯುವ ಈ ಪುಟದಲ್ಲಿ ಬಸುರಿ ಬಾಣಂತಿಯರ ಮಾತೇಕೆ ಎಂದು ಕೆಲವರು ಕೇಳಬಹುದು. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ ಸುಗ್ಗಿ ಬಂದರೆ ಮನೆಯ ಹೆಣ್ಣುಮಕ್ಕಳಿಗೂ ಆಳುಹೆಂಗಸರಿಗೂ ಬಿಡುವಿಲ್ಲ. ಸುಲಿಯುವ ಯಂತ್ರ ಬಂದ ಕಡೆಯೂ ಆರಿಸುವುದು, ಹರಡುವುದು, ಹೊರುವುದು ತಪ್ಪಿಲ್ಲ. ಅವರಲ್ಲಿ ಬಸುರಿಯರೂ ಇರುತ್ತಾರೆ.

ಈ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳುಂಟು. "ನಮ್ಮಜ್ಜಿ ಹೆರುವ ದಿನದವರೆಗೂ ಹೊಲದಲ್ಲಿ ದುಡಿದಳು" ಎಂಬುದು ಒಂದು. "ಬಸುರಿ ಅಲುಗಾಡಬಾರದು" ಎಂಬುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ. ದುಡಿಮೆ ಬೇರೆ, ವ್ಯಾಯಾಮ ಬೇರೆ. ವ್ಯಾಯಾಮವನ್ನು ದೇಹ ಸಾಕೆಂದಾಗ ನಿಲ್ಲಿಸಬಹುದು. ದುಡಿಮೆ ನಿಲ್ಲುವುದು ರಾಶಿ ಮುಗಿದಾಗ ಮಾತ್ರ.

ಬಸುರಿನಲ್ಲಿ ದೇಹ ಹೇಗೆ ಬದಲಾಗುತ್ತದೆಂದು ಮೊದಲು ನೋಡೋಣ. ತೂಕ ಸಾಮಾನ್ಯವಾಗಿ 10ರಿಂದ 12 ಕಿಲೋ ಏರುತ್ತದೆ. ಮೈಯಲ್ಲಿನ ರಕ್ತದ ಪ್ರಮಾಣ ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ. ಆದರೆ ರಕ್ತದ ನೀರಿನಂಶ ಏರಿದಷ್ಟು ಕೆಂಪುಕಣಗಳು ಏರುವುದಿಲ್ಲ. ಕಬ್ಬಿಣಾಂಶದ ಮಾತ್ರೆ ಕೊಡುವುದು ಇದಕ್ಕೇ. ಹೃದಯಕ್ಕೆ ಕೆಲಸ ಹೆಚ್ಚುವುದರಿಂದ ಸ್ವಲ್ಪ ನಡೆದರೂ ಏದುಸಿರು ಬರುತ್ತದೆ. ಹೆರಿಗೆಗೆ ಅನುವಾಗಲೆಂದು ಸೊಂಟದ ಕೀಲುಗಳ ಕಟ್ಟು ಸಡಿಲವಾಗುತ್ತದೆ. ಹೊಟ್ಟೆಯ ಭಾರ ಮುಂದಕ್ಕೆ ಎಳೆದಂತೆಲ್ಲ ಬೆನ್ನು ಹಿಂದಕ್ಕೆ ಬಾಗುತ್ತದೆ. ಆದ್ದರಿಂದ ಸೊಂಟ ನೋವು ಬರುತ್ತದೆ, ಮೈಯ ತೂಕ ತಪ್ಪುತ್ತದೆ. ಕಾಲುವೆಗೆ ಅಡ್ಡ ಹಾಕಿದ ಅಡಿಕೆ ಮರದ ಮೇಲೆ ನಿನ್ನೆ ಸಲೀಸಾಗಿ ದಾಟಿದವಳು ಇಂದು ಜಾರಬಹುದು.

ಹಾಗಾದರೆ ಎಷ್ಟು ಶ್ರಮ ಹಿತ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಂತೆ, ತೊಡಕಿಲ್ಲದ ಬಸುರಿಗೆ ವಾರಕ್ಕೆ 150 ನಿಮಿಷ ಸಾಧಾರಣ ಶ್ರಮ ಒಳ್ಳೆಯದು. ಎಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೆ ಸಾಕು. ನಡೆಯುತ್ತಾ ಮಾತಾಡಲು ಆಗುವಂತಿರಬೇಕು. ಮಾತು ಕಡಿಯುವಷ್ಟು ಏದುಸಿರು ಬಂದರೆ ಶ್ರಮ ಹೆಚ್ಚಾಯಿತೆಂದು ತಿಳಿಯಬೇಕು. ನಾಲ್ಕೈದು ತಿಂಗಳು ತುಂಬಿದ ಮೇಲೆ ಅಂಗಾತ ಮಲಗಿ ವ್ಯಾಯಾಮ ಮಾಡಕೂಡದು. ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಮಲಗುವಾಗ ಮಗ್ಗುಲಾಗಿ ಮಲಗುವುದು ಲೇಸು.

ತೋಟದಲ್ಲಿ ಇವಿಷ್ಟನ್ನು ಪಾಲಿಸತಕ್ಕದ್ದು:

1. ಬಸುರಿಯಿಂದ ಮೂಟೆ ಹೊರಿಸಬಾರದು, ಬೇಯಿಸುವ ಹಂಡೆ ಎತ್ತಿಸಬಾರದು.
2. ಔಷಧಿ ಕಲಸುವ, ಸಿಂಪಡಿಸುವ ಕಡೆ ಅವಳು ಇರಕೂಡದು.
3. ಕೂತು ಮಾಡುವ ಕೆಲಸವಾದರೆ ಮಣೆಯೋ ಕುರ್ಚಿಯೋ ಕೊಟ್ಟು, ಗಂಟೆಗೊಮ್ಮೆ ಎದ್ದು ಓಡಾಡಲು ಬಿಡಬೇಕು.
4. ರಕ್ತಸ್ರಾವ, ನೀರು ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಿ.

ಇನ್ನು ಬಾಣಂತಿಯ ವಿಚಾರ. ಹೆರಿಗೆಯಾದಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರದಲ್ಲಿ 100 ಗ್ರಾಮಿಗೂ ಕೆಳಗಿಳಿಯುತ್ತದೆ. ಹೊಟ್ಟೆಯ ನಡುವೆ ಅಗಲಗೊಂಡ ಸ್ನಾಯುಗಳು ಕೂಡಿಕೊಳ್ಳಲು ಇನ್ನೂ ಹೆಚ್ಚು ಕಾಲ ಬೇಕು. ಹೊಟ್ಟೆಗೆ ಬಟ್ಟೆ ಕಟ್ಟುವುದರಿಂದ ಆಸರೆ ಸಿಗುತ್ತದೆಯೇ ಹೊರತು ಸ್ನಾಯು ಬಲಗೊಳ್ಳುವುದಿಲ್ಲ. ಕೆಮ್ಮಿದಾಗ ಮೂತ್ರ ಜಿನುಗುವುದನ್ನು ನಮ್ಮ ಹೆಂಗಸರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಇದಕ್ಕೆ ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಸುಲಭ ವ್ಯಾಯಾಮವುಂಟು: ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಐದು ಎಣಿಸುವಷ್ಟು ಹೊತ್ತು ಬಿಗಿದು ಸಡಿಲ ಬಿಡುವುದು. ಹತ್ತು ಸಲದಂತೆ ದಿನಕ್ಕೆ ಮೂರು ಬಾರಿ ಮಾಡಬೇಕು. ಮಗುವಿಗೆ ಹಾಲೂಡಿಸುತ್ತಲೂ ಮಾಡಬಹುದು. ಮೂತ್ರ ಮಾಡುವಾಗ ಮಾತ್ರ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಆ ಕಾಲದಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಇಂಥ ಸಮಯದಲ್ಲಿ ಬಾಣಂತಿಯನ್ನು ಹಾಸಿಗೆ ಬಿಟ್ಟೇಳದಂತೆ ಮಾಡಿ, ನೀರನ್ನೂ ಅಳೆದು ಕೊಟ್ಟರೆ ಅಪಾಯ. ಕಾಲಿನ ರಕ್ತನಾಳದಲ್ಲಿಯೂ ಮಿದುಳಿನ ರಕ್ತನಾಳದಲ್ಲಿಯೂ ಹೆಪ್ಪುಗಟ್ಟಬಹುದು. ಬಾಣಂತಿಯರ ಮಿದುಳಿನ ಈ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಕಂಡು ದಾಖಲಿಸಿದ್ದಾರೆ. ಬಿಡದ ತಲೆನೋವು, ಫಿಟ್ಸ್, ಕೈಕಾಲು ಸೋಲುವುದು, ಒಂದೇ ಕಾಲು ಊದಿ ನೋಯುವುದು, ಇವನ್ನು ಗಾಳಿಸೋಂಕೆಂದು ಯಂತ್ರ ಕಟ್ಟಿಸುತ್ತಾ ಕೂರಬಾರದು. ಹಾಲೂಡಿಸುವ ತಾಯಿಗೆ ಬೇಕಾದಷ್ಟು ನೀರು ಕೊಡಿ; ವೈದ್ಯರು ಒಪ್ಪಿದರೆ ಮೊದಲ ದಿನದಿಂದಲೇ ಮೆಲ್ಲಗೆ ನಡೆದಾಡಲಿ. ಆಪರೇಷನ್ ಆದವರು ಆರು ವಾರ ಮಗುವಿಗಿಂತ ಭಾರವಾದುದನ್ನು ಎತ್ತಬಾರದು.

ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನು ಸೂತಕವೆಂದು ಊರಾಚೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಿತು. ಬಾಣಂತಿಗೆ ಬೇಕಾದುದು ವಿಶ್ರಾಂತಿ, ಬಹಿಷ್ಕಾರವಲ್ಲ.

ಹೆರಿಗೆಯಾದ ಆರು ವಾರ ಯಾವ ಹೆಂಗಸಿಗೂ ಕೆಲಸ ಕೊಡಕೂಡದೆಂದು 1961ರ ಹೆರಿಗೆ ಸೌಲಭ್ಯ ಕಾಯಿದೆಯೇ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ನಿಯಮವಿದೆ. ಕಾಯಿದೆಯ ಕಣ್ಣು ಸಣ್ಣ ಹಿಡುವಳಿಗಳ ತನಕ ಬಾರದಿರಬಹುದು. ಆದರೂ ನಮ್ಮ ಆಳುಮಗಳಿಗೆ ಒಂದು ನ್ಯಾಯ, ಮನೆಮಗಳಿಗೆ ಇನ್ನೊಂದು ನ್ಯಾಯವೆಂದಾಗಬಾರದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯುಂಟು. ಸುಗ್ಗಿಯ ಭರದಲ್ಲೂ ಆ ದಿನ ಅವರಿಗೆ ಕೂಲಿ ಕಡಿಯದೆ ರಜೆ ಕೊಟ್ಟು ಕಳಿಸಬೇಕೆಂದು ಸದಸ್ಯರೆಲ್ಲರಲ್ಲಿ ವಿನಂತಿ.

— ಕಾರ್ಯದರ್ಶಿ